ಸಾಸಿವೆ ಕಾಣುವ ನೀರು

"ಕೋಪ ಬಂದಾಗ ಅದನ್ನು ಬಾಯಿಗೆ ಬರಗೊಡದೆ ನುಂಗಿಬಿಡುತ್ತೇನೆ. ಇಷ್ಟು ಸಾಲದೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಇಬ್ಬರೂ ನಡೆದು ದಣಿದು ದಾರಿಬದಿಯ ಕಲ್ಲಿನ ಮೇಲೆ ಕೂತಿದ್ದರು. ಗುರುಗಳು ಅಂಗಾಲಿಗೆ ಚುಚ್ಚಿದ್ದ ಮುಳ್ಳು ತೆಗೆಯುತ್ತಿದ್ದರು.

"ನೋಡಿದವರು ಏನೆನ್ನುತ್ತಾರೆ?"

"ಬಹಳ ಶಾಂತ ಎನ್ನುತ್ತಾರೆ. ಮಠದಲ್ಲಿ ಉಳಿದವರಿಗೆ ಬುದ್ಧಿ ಹೇಳುವಾಗ ನನ್ನನ್ನೇ ತೋರಿಸುತ್ತಾರೆ."

"ನುಂಗಿದ್ದು ಎಲ್ಲಿಗೆ ಹೋಗುತ್ತದೆ?"

"ಎಲ್ಲಿಗೋ ಹೋಗುತ್ತದೆ. ಹೊರಗಂತೂ ಬರುವುದಿಲ್ಲ."

ಗುರುಗಳು ಮುಳ್ಳನ್ನು ಆಚೆಗೆ ಎಸೆದು ಹೇಳತೊಡಗಿದರು.

ಗುಡ್ಡದ ಇಳಿಜಾರಿನಲ್ಲಿ ಒಂದು ಸಣ್ಣ ಪಟ್ಟಣವಿತ್ತು. ಬಣ್ಣ ಹಾಕುವವರು, ಗಾಣದವರು, ಚರ್ಮ ಹದ ಮಾಡುವವರು, ದನದ ವ್ಯಾಪಾರದವರು ಎಲ್ಲರೂ ಅಲ್ಲಿದ್ದರು. ಬೇಸಿಗೆಯಲ್ಲಿ ಅವರು ಬೀದಿಗೆ ಚೆಲ್ಲಿದ್ದು ಬೀದಿಯಲ್ಲೇ ಒಣಗಿ ಕೂರುತ್ತಿತ್ತು. ಬಣ್ಣದ ಕೊಳೆ, ಎಣ್ಣೆಯ ಜಿಡ್ಡು, ಸುಣ್ಣ, ಸಗಣಿ, ಗಂಜಲ, ಸತ್ತ ಹೆಗ್ಗಣ. ಮೊದಲ ಮಳೆ ಬಂದಾಗ ಅದೆಲ್ಲವೂ ಎದ್ದು ಹೊರಡುತ್ತಿತ್ತು. ಬೀದಿಗಳ ನೀರು ರಾಜಗಾಲುವೆಗೆ ಸೇರುತ್ತಿತ್ತು, ರಾಜಗಾಲುವೆ ಹೊಳೆಗೆ. ಹೊಳೆಯ ಕೆಳಗಿನ ಊರಿನವರು ಅದನ್ನೇ ಕುಡಿಯಬೇಕಾಗಿತ್ತು. ಕುಡಿದು ಕುಡಿದು ಸಾಕಾಗಿ ಒಂದು ವರ್ಷ ಅರಮನೆಗೆ ದೂರು ಕೊಟ್ಟರು.

ಅರಮನೆಯಿಂದ ಆಜ್ಞೆ ಬಂತು. ಇನ್ನು ಮುಂದೆ ಮಳೆನೀರನ್ನು ಹೊಳೆಗೆ ಬಿಡಬೇಕಾದರೆ ಪಟ್ಟಣಕ್ಕೆ ಅಪ್ಪಣೆ ಬೇಕು. ಪ್ರತಿ ವರ್ಷ ಮೊದಲ ಮಳೆಗೆ ಪರೀಕ್ಷಕನೊಬ್ಬ ಬಂದು ಕಾಲುವೆ ಹೊಳೆಗೆ ಬೀಳುವ ಬಾಯಲ್ಲಿ ನಿಲ್ಲುತ್ತಾನೆ. ಅವನ ಕೈಯಲ್ಲಿ ಒಂದು ಬಿಳಿಯ ಬಟ್ಟಲು. ಬಟ್ಟಲಿನ ತಳಕ್ಕೆ ಮೇಣದಿಂದ ಅಂಟಿಸಿದ ಒಂದು ಸಾಸಿವೆ ಕಾಳು. ಅಲ್ಲಿಗೆ ಬಂದ ನೀರನ್ನು ತುಂಬಿ ನೋಡುತ್ತಾನೆ. ಸಾಸಿವೆ ಕಂಡರೆ ಇನ್ನೊಂದು ವರ್ಷಕ್ಕೆ ಅಪ್ಪಣೆ. ಕಾಣದಿದ್ದರೆ ಮುಂದಿನ ಪರೀಕ್ಷೆಯವರೆಗೆ ಕಾಲುವೆಯ ಬಾಯಿಗೆ ಕಲ್ಲು.

ಮೊದಲ ವರ್ಷ ಸಾಸಿವೆ ಕಾಣಲಿಲ್ಲ. ಕಲ್ಲು ಬಿತ್ತು.

ಹೋಗಲು ದಾರಿಯಿಲ್ಲದ ನೀರು ಹಿಂದಕ್ಕೆ ತಿರುಗಿ ಕೆಳಬೀದಿಗೆ ನುಗ್ಗಿತು. ಕೆಳಬೀದಿಯ ಕೊನೆಯ ಮನೆ ಊರಿನ ನೀರುಗಂಟಿಯದು. ತೂಬು ಎತ್ತುವುದು, ಇಳಿಸುವುದು, ನೀರನ್ನು ಎಲ್ಲಿಗೆ ಬೇಕೋ ಅಲ್ಲಿಗೆ ತಿರುಗಿಸುವುದು ಅವನ ಕೆಲಸ. ಆ ಮಳೆಗಾಲ ಅವನ ಹೆಂಡತಿ ಜ್ವರ ಬಂದು ಮಲಗಿದ್ದಳು. ನೀರು ಹೊಸ್ತಿಲು ದಾಟಿ ಅವಳ ಹಾಸಿಗೆಗೆ ಬಂತು. ನೀರು ಇಳಿಯಿತು. ಅವಳು ಏಳಲಿಲ್ಲ.

ವರ್ಷ ತಿರುಗುತ್ತಾ ಬಂತು. ಊರಿನ ಹಿರಿಯನಾದ ಪಟ್ಟಣಶೆಟ್ಟಿ ನೀರುಗಂಟಿಯನ್ನು ಕರೆಸಿದ.

"ಏನಯ್ಯಾ, ಇಡೀ ಬಯಲಿಗೆ ನೀರು ಹಾಯಿಸುವ ಗಂಡಸು ನೀನು. ಒಂದು ಬಟ್ಟಲು ನೀರು ತಿಳಿ ಮಾಡೋಕೆ ಆಗಲ್ವಾ?"

"ತಿಳಿ ಮಾಡೋಕೆ ನಾನೇನು ದೇವರೇ, ಶೆಟ್ಟರೇ? ತಿರುಗಿಸು ಅಂದರೆ ತಿರುಗಿಸ್ತೀನಿ."

"ಎಲ್ಲಿಗೆ?"

"ನಡುಬೀದಿಯ ಪಾಳುಬಾವಿಗೆ. ಮೊದಲು ಬರೋ ಕಪ್ಪು ನೀರನ್ನು ಅದಕ್ಕೆ ಬಿಡೋದು. ಬೀದಿ ತೊಳೆದು ತಿಳಿಯಾದ ಮೇಲೆ ಕಾಲುವೆಗೆ ಬಿಡೋದು. ಪರೀಕ್ಷಕ ನಿಂತಿರೋದು ಕೆಳಗೆ. ಅವನ ಪಾಲಿಗೆ ಅದೇ ಮೊದಲ ನೀರು."

ಶೆಟ್ಟಿ ತೊಡೆ ತಟ್ಟಿ ನಕ್ಕ. "ಇಷ್ಟು ದಿನ ಈ ತಲೆಯನ್ನು ರುಮಾಲಿನ ಒಳಗೆ ಯಾಕಯ್ಯಾ ಬಚ್ಚಿಟ್ಟಿದ್ದೆ? ಹೋಗು, ಹಲಗೆ ಕೂರಿಸು."

ಆ ಬಾವಿಯನ್ನು ಯಾರು ತೋಡಿಸಿದರೋ ಯಾರಿಗೂ ಗೊತ್ತಿರಲಿಲ್ಲ. ಒಣಗಿ ಎಷ್ಟೋ ಕಾಲವಾಗಿತ್ತು. ನೀರುಗಂಟಿ ಕಾಲುವೆಗೆ ಅಡ್ಡವಾಗಿ ಒಂದು ತೂಬು ಕಟ್ಟಿದ. ಹಲಗೆ ಇಳಿಸಿದರೆ ನೀರು ಬಾವಿಗೆ, ಎತ್ತಿದರೆ ಹೊಳೆಗೆ. ಮಳೆ ಬಂತು. ಅವನು ಹಲಗೆ ಇಳಿಸಿದ. ಕಪ್ಪು ನೀರು ಬಾವಿಯ ಕಟ್ಟೆ ಇಳಿದು ಒಳಗೆ ಹೋಯಿತು. ನೀರು ತಿಳಿಯಾಯಿತು. ಅವನು ಹಲಗೆ ಎತ್ತಿದ. ಕೆಳಗೆ ಪರೀಕ್ಷಕ ಬಟ್ಟಲನ್ನು ಬೆಳಕಿಗೆ ಹಿಡಿದು ಸಾಸಿವೆ ನೋಡಿ ತಲೆಯಾಡಿಸಿದ. ತಮಟೆ ಬಾರಿಸಿದರು. ಊರವರು ನೀರುಗಂಟಿಯನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಹೆಗಲ ಮೇಲೆ ಕೂತಾಗಲೇ ಅವನಿಗೆ ಒಂದು ವಿಷಯ ಹೊಳೆಯಿತು. ಅಷ್ಟು ನೀರು ಬಾವಿಗೆ ಬಿತ್ತು. ಬಿದ್ದ ಸದ್ದು ಬರಲಿಲ್ಲ.

ಮರುದಿನ ಹೋಗಿ ಒಂದು ಕಲ್ಲು ಹಾಕಿದ. ಕಿವಿಗೊಟ್ಟ. ಏನೂ ಇಲ್ಲ. ಹಗ್ಗಕ್ಕೆ ಬಿಂದಿಗೆ ಕಟ್ಟಿ ಇಳಿಸಿದ. ಹಗ್ಗ ಮುಗಿಯಿತು, ಇನ್ನೊಂದು ಹಗ್ಗ ಗಂಟು ಹಾಕಿದ, ಅದೂ ಮುಗಿಯಿತು. ಎಳೆದುಕೊಂಡು ನೋಡಿದರೆ ಬಿಂದಿಗೆ ಒಣಗಿಯೇ ಇತ್ತು. ಬಾವಿಯೊಳಗೆ ತಲೆಯಿಟ್ಟು "ಓ" ಎಂದು ಕೂಗಿದ. ಅವನ ಕೂಗು ಅವನ ಕಿವಿಗೇ ಕೇಳಿಸಲಿಲ್ಲ.

ಶೆಟ್ಟಿಗೆ ಹೋಗಿ ಹೇಳಿದ. ಶೆಟ್ಟಿ, "ಒಳ್ಳೆಯದೇ ಆಯಿತಲ್ಲ. ತುಂಬುತ್ತೆ ಅನ್ನೋ ಚಿಂತೆಯೂ ಹೋಯ್ತು" ಎಂದ.

ಆಮೇಲೆ ಊರಿಗೆ ಧೈರ್ಯ ಬಂತು. ಮೊದಲು ಒಂದಿಷ್ಟು ಹಿಂಜರಿಯುತ್ತಾ ಚೆಲ್ಲುತ್ತಿದ್ದವರು ಈಗ ಬಾಗಿಲು ತೆರೆದು ಬುಟ್ಟಿ ಬುಟ್ಟಿ ಚೆಲ್ಲಿದರು. ವರ್ಷ ವರ್ಷವೂ ಬೀದಿ ಕಪ್ಪಾಯಿತು. ವರ್ಷ ವರ್ಷವೂ ಬಟ್ಟಲಿನಲ್ಲಿ ಸಾಸಿವೆ ಕಂಡಿತು. ಅರಮನೆಯಿಂದ ಮೆಚ್ಚಿಕೆಯ ಶಾಲು ಬಂತು. ಹತ್ತಿರದ ಊರುಗಳವರು ಈ ಪಟ್ಟಣದ ಶಿಸ್ತು ಕಲಿಯಲು ಬಂದು ಹೋದರು.

ಊರಿನ ಸದ್ದು ಕಡಿಮೆಯಾಗತೊಡಗಿದ್ದು ಯಾವಾಗ ಎಂದು ಯಾರೂ ಗಮನಿಸಲಿಲ್ಲ. ಮೊದಲು ಕಪ್ಪೆಗಳು. ಮಳೆ ಬಂದ ರಾತ್ರಿಯೂ ವಟಗುಟ್ಟುವುದನ್ನು ಬಿಟ್ಟವು. ಇದ್ದವು, ಗಂಟಲು ಉಬ್ಬಿಸುತ್ತಿದ್ದವು, ಅಷ್ಟೇ. ಆಮೇಲೆ ಮನೆಮನೆಯ ಬಾವಿಗಳು. ಕೊಡ ಇಳಿಸಿದರೆ ಬುಳುಕ್ ಎನ್ನುತ್ತಿರಲಿಲ್ಲ. ಭಾರವಾದಾಗ ತುಂಬಿತು ಎಂದು ತಿಳಿದು ಎಳೆಯಬೇಕಾಗಿತ್ತು. ನೀರು ಮಾತ್ರ ಹಿಂದೆಂದೂ ಇಲ್ಲದಷ್ಟು ತಿಳಿ.

ದನಗಳು ಆ ನೀರಿಗೆ ಮೂತಿ ಹಾಕಿ ಹಿಂದೆ ತೆಗೆಯುತ್ತಿದ್ದವು. ಜನ ಏನು ಮಾಡಿದರು ಗೊತ್ತೇ? ಪ್ರತಿ ಮನೆಯಲ್ಲೂ ಒಂದು ಬಿಳಿ ಬಟ್ಟಲು ಇಟ್ಟುಕೊಂಡರು. ತಳಕ್ಕೆ ಒಂದು ಸಾಸಿವೆ ಅಂಟಿಸಿಕೊಂಡರು. ಅಷ್ಟು ವರ್ಷ ನೋಡಿ ನೋಡಿ ಒಳ್ಳೆಯ ನೀರಿಗೆ ಅದೊಂದೇ ಗುರುತು ಎಂದು ಅವರಿಗೆ ನಾಟಿಬಿಟ್ಟಿತ್ತು. ಒಬ್ಬ ಮುದುಕಿ ಎಮ್ಮೆಯ ಮುಂದೆ ಬಟ್ಟಲು ಹಿಡಿದು, "ನೋಡೇ, ಸಾಸಿವೆ ಹೇಗೆ ಕಾಣ್ತಿದೆ! ಅರಮನೆಯ ಪರೀಕ್ಷಕನಿಗಿಂತ ದೊಡ್ಡವಳಾ ನೀನು? ಕುಡಿ, ರಂಡೆ" ಎಂದು ಕೋಲಿನಿಂದ ಬಾರಿಸುವುದನ್ನು ನೀರುಗಂಟಿ ಕಣ್ಣಾರೆ ಕಂಡ. ಎಮ್ಮೆ ಕುಡಿಯಿತು. ಅದರ ಕೊರಳಿನ ಗಂಟೆ ಅಲ್ಲಾಡಿತು. ಸದ್ದು ಬರಲಿಲ್ಲ.

ಅವನಿಗೆ ಅನುಮಾನ ಬಂದಿತ್ತು. ಆದರೆ ಹಲಗೆ ಇಳಿಸದಿದ್ದರೆ ಕಲ್ಲು ಬೀಳುತ್ತದೆ. ಕಲ್ಲು ಬಿದ್ದರೆ ನೀರು ಯಾರ ಮನೆಗೆ ಬರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅನುಮಾನವನ್ನು ಯಾರಿಗೂ ಹೇಳಲಿಲ್ಲ.

ಹೀಗಿರುವಾಗ ಅವನ ಒಬ್ಬಳೇ ಮಗಳು ಹೊನ್ನಿ ಗಂಡನ ಮನೆಯಿಂದ ಚೊಚ್ಚಲ ಬಾಣಂತನಕ್ಕೆ ಬಂದಳು. ತಾಯಿಯಿಲ್ಲದ ಮನೆ. ಅಡಿಗೆ ಅವನೇ ಮಾಡಿದ, ನೀರು ಅವನೇ ಸೇದಿ ಕೊಟ್ಟ. ತಿಂಗಳುಗಟ್ಟಲೆ ಅವಳು ಅದೇ ನೀರು ಕುಡಿದಳು. ಮೋಡ ಕಟ್ಟುವ ಹೊತ್ತಿಗೆ ಹೆರಿಗೆಯಾಯಿತು. ಗಂಡುಮಗು. ಕೈಕಾಲು ಗಟ್ಟಿ, ಮೈಬಣ್ಣ ಚೆನ್ನ.

ಸೂಲಗಿತ್ತಿ ಮಗುವಿನ ಅಂಗಾಲಿಗೆ ತಟ್ಟಿದಳು. ಮತ್ತೆ ತಟ್ಟಿದಳು. ಆಮೇಲೆ ಮಗುವನ್ನು ತಾಯಿಯ ಪಕ್ಕ ಮಲಗಿಸಿ, ಯಾರ ಮುಖವನ್ನೂ ನೋಡದೆ ಎದ್ದು ಹೋದಳು.

"ಅಪ್ಪಾ, ಬಾ ಇಲ್ಲಿ. ಇವನು ಅಳ್ತಾ ಇದಾನೆ ನೋಡು" ಎಂದಳು ಹೊನ್ನಿ.

ನೀರುಗಂಟಿ ಬಗ್ಗಿ ನೋಡಿದ. ಮಗು ಮುಖ ಕೆಂಪಗೆ ಮಾಡಿಕೊಂಡು, ಮುಷ್ಟಿ ಬಿಗಿದು, ಬಾಯಿ ಅಷ್ಟಗಲ ತೆರೆದು ಅಳುತ್ತಿತ್ತು. ಕೋಣೆಯಲ್ಲಿ ಸದ್ದಿರಲಿಲ್ಲ.

"ಎಲ್ಲ ಸರಿಯಾಗಿದೆ ಅಲ್ವಾ ಅಪ್ಪಾ? ದನಿಯೊಂದು ಎಲ್ಲಿಗೆ ಹೋಯ್ತು?"

ಅವನು ಎದ್ದು ಹಿತ್ತಲಿಗೆ ಹೋದ. ತನ್ನ ಬಾವಿಯ ನೀರು ಸೇದಿ ಬಟ್ಟಲಿಗೆ ಹಾಕಿದ. ಸಾಸಿವೆ ಕಂಡಿತು. ಅದರ ಸಿಪ್ಪೆಯ ಮೇಲಿನ ಸುಕ್ಕೂ ಕಂಡಿತು. ಬಟ್ಟಲನ್ನು ಅಲ್ಲೇ ಇಟ್ಟು ಪರೀಕ್ಷಕ ಇಳಿದುಕೊಂಡಿದ್ದ ಛತ್ರಕ್ಕೆ ನಡೆದ.

"ಸ್ವಾಮಿ, ಈ ಸಲ ಕಾಲುವೆಯ ಬಾಯಲ್ಲಿ ನಿಲ್ಲಬೇಡಿ. ಮೇಲೆ ಬನ್ನಿ. ನಡುಬೀದಿಯ ಬಾವಿಯ ಹತ್ತಿರ ನಿಂತು ನೋಡಿ."

ಪರೀಕ್ಷಕ ಬಟ್ಟಲು ಒರೆಸುತ್ತಿದ್ದ. ಒಳ್ಳೆಯ ಮನುಷ್ಯ. ಯಾರಿಂದಲೂ ಒಂದು ಬಾಳೆಹಣ್ಣನ್ನೂ ತೆಗೆದುಕೊಂಡವನಲ್ಲ.

"ಆಜ್ಞೆಯಲ್ಲಿ ಕಾಲುವೆಯ ಬಾಯಿ ಎಂದಿದೆಯಪ್ಪಾ."

"ಬಾವಿಯಲ್ಲಿ ಏನೋ ಇದೆ, ಸ್ವಾಮಿ."

"ಇರಬಹುದು. ಬಾವಿ ಹೊಳೆಗೆ ಬೀಳುತ್ತದೆಯೇ?"

"ಇಲ್ಲ."

"ಹಾಗಾದರೆ ಅದು ನನ್ನ ಕಣ್ಣಿಗೆ ಬೀಳಬಾರದು" ಎಂದು ಪರೀಕ್ಷಕ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿ ಚೀಲದಲ್ಲಿಟ್ಟ.

ಮರುದಿನ ಮಧ್ಯಾಹ್ನ ಮಳೆ ಇಳಿಯಿತು. ನೀರುಗಂಟಿ ಕಂಬಳಿ ಕೊಪ್ಪೆ ಹಾಕಿಕೊಂಡು ತೂಬಿನ ಹತ್ತಿರ ನಿಂತ. ಮೇಲಿನ ಬೀದಿಗಳಿಂದ ಕಪ್ಪು ನೀರು ಇಳಿದು ಬರುವುದು ಕಂಡಿತು. ಹಲಗೆ ಎತ್ತಿಯೇ ಇರಲಿ, ಆದದ್ದಾಗಲಿ, ಎಲ್ಲರೂ ನೋಡಲಿ ಎಂದುಕೊಂಡ. ಕೈಯನ್ನು ಹಿಂದಕ್ಕೆ ಕಟ್ಟಿಕೊಂಡ. ಆಗ ಕೆಳಬೀದಿಯ ಕೊನೆಯಲ್ಲಿ ತನ್ನ ಮನೆ ಕಂಡಿತು. ನೆಲದ ಮೇಲೆ ಬಾಣಂತಿಯ ಹಾಸಿಗೆ. ಹಾಸಿಗೆಯ ಮೇಲೆ ಇನ್ನೂ ಹೊಕ್ಕುಳು ಉದುರದ ಕೂಸು. ಹಿಂದೆ ಇನ್ನೊಬ್ಬಳು ಮಲಗಿದ್ದ ಜಾಗವೇ ಅದು.

ನೀರು ತೂಬಿಗೆ ಬಂತು. ಅವನ ಕೈ ಹಲಗೆ ಇಳಿಸಿತು.

ಕಪ್ಪು ನೀರು ಬಾವಿಗೆ ಇಳಿಯಿತು. ಎಂದಿನಂತೆ ಸದ್ದಿಲ್ಲ. ಇಳಿಯಿತು, ಇಳಿಯಿತು, ಕೊನೆಗೆ ತಿಳಿಯಾಯಿತು. ಅವನು ಹಲಗೆ ಎತ್ತಿ ನೀರನ್ನು ಹೊಳೆಯ ಕಡೆಗೆ ಬಿಟ್ಟ. ಇನ್ನು ಮನೆಗೆ ಹೋಗೋಣ ಎಂದು ತಿರುಗಿದ.

ಬಾವಿಯೊಳಗಿಂದ ಒಂದು ಕೂಸು ಅತ್ತಿತು.

ಎಳೆಯ ಗಂಟಲು. ಹುಟ್ಟಿದ ಕೂಡಲೇ ಅಳುವ ಅಳು. ಹಸಿವಿನದಲ್ಲ, ನೋವಿನದಲ್ಲ, ಬಂದೆ ಎಂದು ಹೇಳುವ ಅಳು. ಆ ದನಿಯನ್ನು ಅವನು ಎಂದೂ ಕೇಳಿರಲಿಲ್ಲ. ಆದರೂ ಅದು ಯಾರದೆಂದು ಅವನಿಗೆ ಗೊತ್ತಾಯಿತು. ಕಟ್ಟೆಯ ಮೇಲೆ ಬೋರಲು ಬಿದ್ದು ಕೈ ಚಾಚಿದ. ಕೈಗೆ ತಣ್ಣನೆಯ ಗಾಳಿ ತಾಗಿತು. ಅಳು ಕೆಳಗೆ ಕೆಳಗೆ ಹೋಗುತ್ತಿತ್ತು. ಅದರ ಹಿಂದೆ ಇನ್ನೂ ಏನೇನೋ ಇದ್ದವು. ಕಪ್ಪೆಗಳು, ಗಂಟೆಗಳು, ಬಿಂದಿಗೆಗಳು, ತಾನು ಅಂದು ಕೂಗಿದ ಕೂಗು. ಎಲ್ಲವೂ ಅಲ್ಲಿದ್ದವು. ಒಂದೂ ಮೇಲೆ ಬರುವಂತಿರಲಿಲ್ಲ.

ಅವನು ಎದ್ದು ಬೀದಿಗೆ ಓಡಿ ಕಂಡಕಂಡವರ ಕೈಹಿಡಿದು ಎಳೆದ. "ಬನ್ನಿ, ಕೇಳಿ, ಒಂದು ಸಲ ಕಿವಿ ಇಟ್ಟು ಕೇಳಿ" ಎಂದು ಕೂಗಿದ. ಕೂಗಿದೆ ಎಂದುಕೊಂಡ. ಅವನ ತುಟಿ ಅಲ್ಲಾಡುತ್ತಿತ್ತು, ಅಷ್ಟೇ. ಜನ ಅವನ ಬೆನ್ನು ತಟ್ಟಿ, ನಗುತ್ತಾ, ಹೊಳೆಯ ಕಡೆಗೆ ನಡೆದರು. ಕೆಳಗೆ ಪರೀಕ್ಷಕ ಬಟ್ಟಲು ಎತ್ತಿ ಹಿಡಿದಿದ್ದ. ಸಾಸಿವೆ ಕಾಣುತ್ತಿತ್ತು. ತಮಟೆಯವನು ಕೋಲೆತ್ತಿ ಒಂದೇ ಸಮನೆ ಬಾರಿಸುತ್ತಿದ್ದ, ಜನ ಕುಣಿಯುತ್ತಿದ್ದರು, ಊರು ನಿಶ್ಶಬ್ದವಾಗಿತ್ತು.

ಗುರುಗಳು ನಿಲ್ಲಿಸಿದರು.

ಶಿಷ್ಯ, "ಇದು ಅನ್ಯಾಯ, ಗುರುಗಳೇ. ಹೊರಗೆ ಬಿಟ್ಟರೆ ಕಲ್ಲು ಬೀಳುತ್ತದೆ. ಒಳಗೆ ತಿರುಗಿಸಿದರೆ ಬಾವಿ ನುಂಗುತ್ತದೆ. ಎರಡೇ ದಾರಿ, ಎರಡೂ ಕೆಟ್ಟವು. ಮಳೆ ಬಂದು ನಿಂತಾಗ ಅವನು ತಾನೇ ಏನು ಮಾಡಬೇಕಿತ್ತು?" ಎಂದ.

ಗುರುಗಳು ಕೋಲು ಊರಿ ಎದ್ದರು.

"ಬೇಸಿಗೆಯಿಡೀ ಆ ಊರಿನ ಒಂದು ಮನೆಯಲ್ಲೂ ಪೊರಕೆ ಇರಲಿಲ್ಲವೇನಪ್ಪಾ?"