ಮುಟ್ಟಿದರೆ ಮುನಿಗೆ ಹೆಸರಿಟ್ಟವರು

ಈ ಕಥೆಯನ್ನು ಮೊದಲು ಹೇಳಿದ್ದು ನಮ್ಮ ದೊಡ್ಡಮ್ಮ ಚಂಪಕ್ಕ, ಮೊರದಲ್ಲಿ ಅಕ್ಕಿ ಆರಿಸುತ್ತಾ. ಕಲ್ಲನ್ನು ಅಕ್ಕಿಯಲ್ಲಿ ಹುಡುಕಬೇಕು, ಮೊಸರಿನಲ್ಲಲ್ಲ, ಅನ್ನುತ್ತಿದ್ದಳು.

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಹೊಳೆಗೆ ತನ್ನ ದಾರಿಯೇ ಸರಿಯಾಗಿ ಗೊತ್ತಿರಲಿಲ್ಲ. ಆಗ ಗಿಡಮರಗಳಲ್ಲೊಂದು ಪದ್ಧತಿಯಿತ್ತು. ಹೊಸ ಗಿಡ ಎಲೆ ಬಿಡಿಸಿಕೊಂಡು ನಿಲ್ಲಬೇಕು, ಹಿರಿಮರಗಳು ಒಂದೊಂದಾಗಿ ಬಾಗಿ ಮುಟ್ಟಿ ಹರಸಬೇಕು. ಕೊನೆಗೆ ಭೂಮ್ತಾಯಿ ಬಂದು ನೆತ್ತಿ ಸವರಿದರೆ ಗಿಡ ಮರವಾಗಿ ಎದ್ದು ನಿಲ್ಲುತ್ತಿತ್ತು.

ಹೊಳೆ ದಂಡೆಯಲ್ಲೊಂದು ಪುಟ್ಟ ಗಿಡ ಹುಟ್ಟಿತು. ಅದಕ್ಕಿದ್ದದ್ದು ಒಂದೇ ಆಸೆ. ಮರವಾಗಬೇಕು, ಮೇಲಿನಿಂದ ಹೊಳೆ ಎಲ್ಲಿಗೆ ಹೋಗುತ್ತದೆಂದು ನೋಡಬೇಕು. ಕಂಡರೆ ನನಗೂ ಹೇಳು, ಅಂದಿತ್ತು ಹೊಳೆ.

ಗಿಡ ಎಲೆಗಳನ್ನೆಲ್ಲ ಬಿಡಿಸಿ, ಗುಲಾಬಿ ಬಣ್ಣದ ಹೂವೊಂದನ್ನು ಮುಡಿದು, ಕಾದು ನಿಂತಿತು.

ಮೊದಲು ಬಾಗಿದ್ದು ಹುಣಸೆಯತ್ತೆ. ಒಂದೆಲೆಯನ್ನು ಮಗುಚಿ ನೋಡಿದಳು.

"ಎಲೆಯೇನೋ ನಂದೇ ಥರ ಇದೆ. ನನ್ನ ಹುಳಿ ಇಲ್ವಲ್ಲೇ," ಅಂದಳು.

ಗಿಡ ಆ ಎಲೆಯನ್ನು ಮಡಚಿಕೊಂಡಿತು.

ಬಿದಿರು ಮಾವ, ಬೆನ್ನು ನೆಟ್ಟಗಿಲ್ಲ ಅಂದ. ಸಂಪಿಗೆ ಚಿಕ್ಕಮ್ಮ ಹೂವನ್ನು ಮೂಸಿ, ಬಣ್ಣ ಪರವಾಗಿಲ್ಲ ಅಂದು ಸುಮ್ಮನಾದಳು. ಆ ಸುಮ್ಮನಾದದ್ದೇ ಹೆಚ್ಚು ಚುಚ್ಚಿತು. ಅವರು ಮುಟ್ಟುವುದು, ಗಿಡ ಮಡಚುವುದು. ಮುಟ್ಟುವುದು, ಮಡಚುವುದು. ಹರಸಲು ಬಂದದ್ದು ಯಾರಿಗೂ ನೆನಪಾಗಲಿಲ್ಲ.

"ಬೇಜಾರು ಮಾಡ್ಕೋಬೇಡ್ವೇ, ನಿನ್ನ ಒಳ್ಳೇದಕ್ಕೇ ಹೇಳಿದ್ದು," ಅಂದಳು ಹುಣಸೆಯತ್ತೆ.

ಸಂಜೆಗೆ ಭೂಮ್ತಾಯಿ ಬಂದಳು. ಮಾತಾಡದೆ, ಮೆಲ್ಲಗೆ, ನೆತ್ತಿಯ ಮೇಲೆ ಕೈಯಿಟ್ಟಳು. ಇನ್ನೊಬ್ಬರು ಬಂದರು ಅಂದುಕೊಂಡ ಗಿಡ, ಉಳಿದ ಎಲೆಗಳನ್ನೂ ಒಮ್ಮೆಲೇ ಮಡಚಿ ತಲೆ ತಗ್ಗಿಸಿತು.

ಅವಳು ಕೈ ತೆಗೆದಳು. "ಬೇಡವಾ ಮಗಳೇ? ಆಗಲಿ," ಅಂದು ಹೊರಟುಹೋದಳು.

ಗಿಡ ಕಣ್ಣು ಬಿಟ್ಟಾಗ ಕಂಡದ್ದು ಅವಳ ಬೆನ್ನು. ಹೊಳೆ ದಾರಿ ಕೇಳುವುದನ್ನು ಬಿಟ್ಟು, ಸಿಕ್ಕ ದಾರಿ ಹಿಡಿದು ಹೋಯಿತು.

"ನೋಡಿದ್ರಾ, ಮುಟ್ಟಿದರೆ ಮುನಿಯುತ್ತೆ. ಇದಕ್ಕೆ ಸಿಟ್ಟು ಜಾಸ್ತಿ ಅಂತ ನಾನು ಆಗಲೇ ಅಂದಿದ್ದೆ," ಅಂದಳು ಹುಣಸೆಯತ್ತೆ. ಅವಳು ಅಂದಿರಲಿಲ್ಲ. ಆದರೂ ಎಲ್ಲರೂ ತಲೆದೂಗಿದರು.

ಹೆಸರು ಹಾಗೇ ನಿಂತಿತು. ಹೆಸರಿಟ್ಟವರಿಗೂ ಹೆಸರುಗಳಿಲ್ಲವೆಂದಲ್ಲ. ಕೊಂಕು ತೆಗೆಯುವವರು, ಹುಳುಕು ಹುಡುಕುವವರು, ಮೊಸರಲ್ಲಿ ಕಲ್ಲು ಹುಡುಕುವವರು, ಬೇಕಾದಷ್ಟಿವೆ. ಎಲ್ಲ ಅವರ ಬೆನ್ನ ಹಿಂದೆ. ಗಿಡಕ್ಕೆ ಮಾತ್ರ ಮುಖದೆದುರೇ.

ಅದಕ್ಕೇ ಅದು ಇವತ್ತಿಗೂ ನೆಲ ಹಿಡಿದೇ ಇದೆ, ನೀನು ಪ್ರೀತಿಯಿಂದ ಮುಟ್ಟಿದರೂ ಮುದುಡುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಮೆಲ್ಲಗೆ ಬಿಚ್ಚಿಕೊಂಡು, ಹೋದವಳು ತಿರುಗಿ ಬಂದಳೇ ಎಂದು ನೋಡುತ್ತದೆ.

ಅದನ್ನು ಮುಟ್ಟಿ ಮುಟ್ಟಿ ನಗುವವರು ಸಿಕ್ಕರೆ ಈ ಕಥೆ ಹೇಳು. ನಿಮ್ಮ ಒಳ್ಳೇದಕ್ಕೇ ಹೇಳಿದ್ದು ಅಂತ ಮಾತ್ರ ಸೇರಿಸಬೇಡ.