ಬಳೆಗಾರನ ಕಾಲು

"ಸರ್, ನಿಮಗೆ ಒಪ್ಪಿಗೆಯಾಗಬೇಕಾದರೆ ಇದರಲ್ಲಿ ಏನು ಬರೆಯಬೇಕು, ಅದನ್ನಾದರೂ ಹೇಳಿಬಿಡಿ" ಎಂದು ನಾಗವೇಣಿ ಕೇಳಿದಳು.

ಅವಳ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಾಗಿತ್ತು. ಬಿ.ಎಡ್. ಓದುವವರೆಲ್ಲ ಹೈಸ್ಕೂಲಿಗೆ ಹೋಗಿ ಪಾಠ ಮಾಡಿ ಬರಬೇಕು. ಬಂದಮೇಲೆ, ಇವತ್ತು ಏನಾಯಿತು, ಅದರ ಬಗ್ಗೆ ತನಗೇನನ್ನಿಸಿತು ಎಂದು ರಿಫ್ಲೆಕ್ಟಿವ್ ಜರ್ನಲ್ ಬರೆಯಬೇಕು. ಅವಳು ದಿನ ತಪ್ಪದೆ ಬರೆದಿದ್ದಳು. 'ಮಕ್ಕಳು ಉತ್ಸಾಹದಿಂದ ಪಾಲ್ಗೊಂಡರು. ನನಗೆ ತುಂಬ ತೃಪ್ತಿಯಾಯಿತು.' ಅವಳ ಕಾಲೇಜಿನ ಹಾಲಪ್ಪ ಮೇಷ್ಟ್ರು ಅದರ ಕೆಳಗೆ 'ಮತ್ತೆ ಬರೆ' ಎಂದು ಗೀಚಿ ವಾಪಸು ಕೊಟ್ಟಿದ್ದರು, ಅದೂ ಎರಡನೆಯ ಸಲ.

ನಿಜ ಬೇರೆಯೇ ಇತ್ತು. ಎಂಟನೆಯ ತರಗತಿಯಲ್ಲಿ ಅವಳ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನ ಬೆಂಚಿನವರು ನಗುತ್ತಿದ್ದರು. ಪಾಠ ಮುಗಿಸಿ, ಮುಖ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ಹೋಗಿ ಅತ್ತು ಬರುತ್ತಿದ್ದಳು. ಓದು ಬಿಟ್ಟು ಊರಿಗೆ ಹೋಗಿಬಿಡೋಣ ಎಂದು ಒಂದು ವಾರದಿಂದ ಮನಸ್ಸು ಹೇಳುತ್ತಿತ್ತು. ಇದನ್ನು ಅವಳು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಮೇಷ್ಟ್ರ ಮುಂದೆ ಇನ್ನೂ ಓದಬೇಕಾದ ಜರ್ನಲ್‌ಗಳ ರಾಶಿ ಬಿದ್ದಿತ್ತು. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಬೆಳಗಿನಿಂದ ಇದನ್ನೇ ಓದಿ ಓದಿ ತಲೆ ಚಿಟ್ಟುಹಿಡಿದಿದೆ ಕಣಮ್ಮ. ಎಲ್ಲ ಮಕ್ಕಳಿಗೂ ಉತ್ಸಾಹ, ನಿಮಗೆಲ್ಲರಿಗೂ ತೃಪ್ತಿ. ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಒಬ್ಬ ಬಳೆಗಾರನಿದ್ದ. ಊರೂರು ತಿರುಗಿ ಬಳೆ ತೊಡಿಸುವವನು. ಅವನ ಹೊಟ್ಟೆಪಾಡೆಲ್ಲ ಎರಡು ಕಾಲಿನ ಮೇಲೆ ನಿಂತಿತ್ತು. ಒಂದು ದಿನ ಅಂಗಾಲಿಗೆ ಮುಳ್ಳು ಹೊಕ್ಕು ಮುರಿಯಿತು, ಕಾಲು ಬಾತುಕೊಂಡಿತು. ಅವನು ಕುಂಟುತ್ತ ಒಬ್ಬ ವೈದ್ಯನ ಮನೆಗೆ ಬಂದ. ವೈದ್ಯ ಮುಳ್ಳು ತೆಗೆದು, ಸೊಪ್ಪು ಅರೆದು ಕಟ್ಟಿ, ಜಗಲಿಯ ಮೇಲೆಯೇ ಇರಿಸಿಕೊಂಡ. "ಹೊರಗಿನ ಗಾಯ ನನಗೆ ಕಾಣುತ್ತದೆ. ಒಳಗಿನ ನೋವು ನಿನಗೊಬ್ಬನಿಗೇ ಗೊತ್ತು. ದಿನಾ ಬೆಳಗ್ಗೆ ಹೇಗಿದೆ ಅಂತ ಹೇಳು, ಅದರ ಮೇಲೆ ಔಷಧಿ ಕೊಡುತ್ತೇನೆ" ಎಂದ.

ಬಳೆಗಾರನದು ಎದುರಿನವರನ್ನು ಮೆಚ್ಚಿಸುವ ನಾಲಗೆ. ಯಾವ ಕೈಗೆ ಯಾವ ಬಳೆ ಏರಿಸಿದರೂ 'ಎಷ್ಟು ಒಪ್ಪುತ್ತದೆ ತಾಯಿ' ಎಂದೇ ಹೇಳಿ ಅಭ್ಯಾಸ. ವೈದ್ಯನಿಗೋ ವಯಸ್ಸಾಗಿತ್ತು. ಬೆಳಗಾದರೆ ಬಾಗಿಲಿಗೆ ನರಳುವವರ ಸಾಲು, ಕೇಳಿ ಕೇಳಿ ಜೀವ ಸಾಕಾಗಿ ಹೋಗಿತ್ತು. ಬಳೆಗಾರ 'ನೋವು ಕಡಿಮೆ ಸ್ವಾಮಿ' ಎಂದಾಗ ಆ ಮುದುಕನ ಮುಖ ಅರಳಿತು. ಬಳೆಗಾರನಿಗೆ ಅಷ್ಟು ಸಾಕಾಯಿತು. ಮರುದಿನ ಕಾಲು ಸಿಡಿಯುತ್ತಿದ್ದರೂ 'ಇನ್ನೂ ಕಡಿಮೆ' ಎಂದ. ಆಮೇಲೆ 'ನೋವೇ ಇಲ್ಲ' ಎಂದ. ವೈದ್ಯ ನಂಬಿ ಔಷಧಿ ಇಳಿಸಿದ, ಕಟ್ಟು ಬಿಚ್ಚಿ ನೋಡುವುದನ್ನೂ ಬಿಟ್ಟ. ಒಬ್ಬನೇ ಇದ್ದಾಗ ಬಳೆಗಾರ ಹೆಗಲ ಮೇಲಿನ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದ.

ಒಂದು ಬೆಳಗ್ಗೆ ಅವನು ಏಳಲಿಲ್ಲ. ಮೈ ಕೆಂಡವಾಗಿತ್ತು. ವೈದ್ಯ ಕಟ್ಟು ಬಿಚ್ಚಿದ. ನಂಜು ಮೊಣಕಾಲಿನವರೆಗೆ ಏರಿತ್ತು. ಕಾಲು ತೆಗೆಯದೆ ಜೀವ ಉಳಿಯುವಂತಿರಲಿಲ್ಲ.

"ಯಾಕಪ್ಪಾ ಹೇಳಲಿಲ್ಲ?" ಎಂದು ವೈದ್ಯ ಕೇಳಿದ.

"ನಿಮ್ಮ ಮುಖ ಸಪ್ಪಗಾಗುವುದನ್ನು ನೋಡಲಾರದೆ ಹೋದೆ ಸ್ವಾಮಿ" ಎಂದ ಬಳೆಗಾರ.

ಮೇಷ್ಟ್ರು ಅಲ್ಲಿಗೇ ನಿಲ್ಲಿಸಿದರು. ನಾಗವೇಣಿ, "ವೈದ್ಯನೂ ಒಂದು ಸಲ ಬಿಚ್ಚಿ ನೋಡಬೇಕಿತ್ತಲ್ಲ ಸರ್" ಎಂದಳು.

"ನೋಡಬೇಕಿತ್ತು" ಎಂದು ಮೇಷ್ಟ್ರು ಒಪ್ಪಿದರು. ಅವಳ ಜರ್ನಲನ್ನು ಮುಚ್ಚಿ ಪಕ್ಕಕ್ಕಿಟ್ಟರು. "ಅದಕ್ಕೇ ಕೇಳುತ್ತಿದ್ದೇನೆ ನಾಗವೇಣಿ, ನಿನ್ನ ಕಾಲು ಹೇಗಿದೆ?"

'ಚೆನ್ನಾಗಿದೆ ಸರ್' ಎಂಬ ಮಾತು ಅವಳ ನಾಲಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು.