ಹಲ್ಲಿಯಕ್ಕ ಲೊಚಗುಟ್ಟಿದ್ದು

ಚಳಿಗಾಲವಿಡೀ ಸುಮ್ಮನಿದ್ದ ಫ್ಯಾನಿನ ಬಟ್ಟಲಿನಲ್ಲಿ ಗೂಡು ಕಟ್ಟಲೆಂದು ಗುಬ್ಬಿ ಹುಲ್ಲು ತಂದಳು. ಮೊಟ್ಟೆಯಿಡುವ ದಿನ ಹತ್ತಿರವಾಗಿತ್ತು. ಆ ಮನೆಯಲ್ಲಿ ಹಲವು ಬೇಸಿಗೆ ಕಂಡ ಹಲ್ಲಿ ಗೋಡೆಯ ಮೇಲಿದ್ದಳು.

"ಅಕ್ಕಾ, ಇಲ್ಲಿ ಕಟ್ಟಬಹುದೇ?"

"ಎತ್ತರದ ಜಾಗ."

"ಹಾಗಾದರೆ ಕಟ್ಟಲೇ?"

"ಕಟ್ಟಿದವರೂ ಇದ್ದಾರೆ, ಬಿಟ್ಟವರೂ ಇದ್ದಾರೆ."

"ಅಡ್ಡಗೋಡೆಯ ಮೇಲೆ ದೀಪ ಇಡಬೇಡ ಅಕ್ಕಾ. ಹೌದೋ ಅಲ್ಲವೋ ಹೇಳು."

"ನಾನು ಲೊಚಗುಟ್ಟಿದರೆ ಸಾಕು, ಈ ಮನೆಯ ಅಜ್ಜಿ ಅದೇ ಸತ್ಯವೆಂದು ನೆಲ ತಟ್ಟುತ್ತಾಳೆ. ಅಷ್ಟು ನಂಬುವವರ ಎದುರು ಹೇಗೆ ಬಾಯಿಬಿಡಲಿ ತಂಗೀ? ನಾಳೆ ಹೆಚ್ಚುಕಡಿಮೆಯಾದರೆ ನನ್ನ ತಲೆಗೇ ಬರುತ್ತದೆ."

ಗುಬ್ಬಿಗೆ ನಗು ಬಂತು. "ಹೋಗಲಿ, ನಿನ್ನ ಮೊಟ್ಟೆಗಳನ್ನು ಎಲ್ಲಿಟ್ಟಿದ್ದೀಯ?"

"ಕಿಟಕಿಯ ಮೇಲಿನ ಸಂದಿಯಲ್ಲಿ! ಫ್ಯಾನಿನ ಹತ್ತಿರ ಯಾರಾದರೂ ಇಡುತ್ತಾರೆಯೇ? ಶಿವರಾತ್ರಿ ಕಳೆದರೆ ಅದು ತಿರುಗತೊಡಗುತ್ತದೆ!"

ಗುಬ್ಬಿ ಹುಲ್ಲು ಕಚ್ಚಿಕೊಂಡು ಕಿಟಕಿಯತ್ತ ಹಾರಿದಳು.

"ನಾನೇನೂ ಹೇಳಲಿಲ್ಲ!" ಎಂದು ಹಲ್ಲಿ ಗಾಬರಿಯಿಂದ ಕೂಗಿದಳು.

"ಇಲ್ಲವಲ್ಲ ಅಕ್ಕಾ. ನಿನ್ನ ಮೊಟ್ಟೆಯ ವಿಷಯ ಬಂದರೆ ಮಾತ್ರ ನಿನಗೆ ನೇರ ಮಾತು ಬರುತ್ತದೆ!"

ಹಲ್ಲಿ ತಡೆಯಲಾರದೆ ಲೊಚಗುಟ್ಟಿದಳು. ಕೆಳಗೆ ಅಜ್ಜಿ ನೆಲ ತಟ್ಟಿ, "ಕೃಷ್ಣ ಕೃಷ್ಣ, ಸತ್ಯ" ಎಂದಳು.